ಕಿರ್ದಿ ಬರದೀನಿ, ಖಾತೆ ಸಿಗವಲ್ದು

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಗಂಗಾವತಿಯಾಗ ಒಂದು ದಲಾಲಿ ಅಂಗಡ್ಯಾಗ ಲೆಕ್ಕ ಬರಿಯೋ ಕೆಲಸ ಮಾಡ್ತೀನಿ, ವಯಸ್ಸು 27, ಬಿಕಾಂ ಆಗೈತಿ. ನಡುವ ಎರಡು ವರ್ಷ ಧಾರವಾಡದಾಗ ರೂಮ್ ಮಾಡ್ಕೊಂಡು ಎಫ್‌ಡಿಎ, ಪಿಎಸ್‌ಐ ಅಂತ ಓದಿದೆ, ಆಗ್ಲಿಲ್ಲ, ವಾಪಸ್ ಬಂದೆ. ಅಪ್ಪ ಇನ್ನೊಂದು ಸಲ ಬರಿ ಅಂತಾನ, ದೋಸ್ತ ಬೆಂಗಳೂರಿಗೆ ಬಾ ಅಂತಾನ, ನನಗ ಏನ್ ಬೇಕು ಅನ್ನೋದು ನನಗೇ ಗೊತ್ತಾಗವಲ್ದು. ಯೂಟ್ಯೂಬ್‌ನಾಗ ಒಬ್ರು ಜರ್ನಲಿಂಗ್ ಮಾಡ್ರಿ, ಕ್ಲಾರಿಟಿ ಬರ್ತೈತಿ ಅಂದಿದ್ರು, ಅದಕ್ಕ ಗವಿಮಠದ ಜಾತ್ರಿಗೆ ಹೋದಾಗ ಒಂದು ಡೈರಿ ತಗೊಂಡೆ. ಮೂರು ತಿಂಗಳಿಂದ ದಿನಾ ರಾತ್ರಿ ಬರಿಯಾಕತ್ತೀನಿ. ತಿರುವಿ ನೋಡಿದ್ರ ಎಲ್ಲಾ ಪುಟದಾಗೂ ಅದೇ, 'ಇವತ್ತೂ ಟೈಮ್ ವೇಸ್ಟ್, ನಾಳಿಂದ ಪಕ್ಕಾ'. ಬರದಷ್ಟೂ ಬ್ಯಾಸರ ಜಾಸ್ತಿ ಆಗಾಕತ್ತೈತಿ. ಬಿಟ್ಟುಬಿಡ್ಲೇನ್ರಿ?
— ಹೆಸರು ಬ್ಯಾಡ್ರಿ, ಗಂಗಾವತಿ

ಉತ್ತರ: ಡೈರಿ ಬಿಡಬ್ಯಾಡ ತಮ್ಮಾ, ಹಿಂಗ ಬರಿಯೋದು ಬಿಡು. ನಿನ್ನ ಪತ್ರ ಓದಿ ನನಗ ನಗು ಬಂತು, ತಪ್ಪು ತಿಳ್ಕೋಬ್ಯಾಡ, ಇದಕ್ಕ ಔಷಧ ನಿನ್ನ ಟೇಬಲ್ ಮ್ಯಾಲೇ ಐತಿ. ಅಂಗಡ್ಯಾಗ ದಿನಾ ಕಿರ್ದಿ ಬರಿತೀಯಲ್ಲ, ಯಾವ ರೈತಂದು ಎಷ್ಟು ಚೀಲ ಭತ್ತ ಬಂತು, ತೂಕ ಎಷ್ಟು, ಹಮಾಲಿ ಎಷ್ಟು ಹೋತು, ಯಾರಿಗೆ ಎಷ್ಟು ಅಡ್ವಾನ್ಸ್ ಅಂತ. ಅದರಾಗ 'ಇವತ್ತೂ ವ್ಯಾಪಾರ ಸರಿ ಇಲ್ಲ, ನಾಳಿಂದ ಪಕ್ಕಾ' ಅಂತ ಬರದಿಟ್ರ ಸಾವ್ಕಾರ ಸುಮ್ನಿರ್ತಾನೇನು? ನಿನ್ನ ಡೈರ್ಯಾಗ ಜಮಾ ಇಲ್ಲ, ಖರ್ಚಿಲ್ಲ, ಬರೇ ಬೈಗಳ ಐತಿ.

ನೀ ಡೈರಿ ತಗೊಂಡ್ಯಲ್ಲ, ಅದೇ ಕೊಪ್ಪಳದ ಗವಿಮಠದ ಗುಡ್ಡದಾಗ ಅಶೋಕನ ಶಾಸನ ಐತಿ, ಬ್ರಾಹ್ಮಿ ಲಿಪ್ಯಾಗ, ಜಾತ್ರಿಗೆ ಬಂದ ಮಂದಿ ಎಷ್ಟು ಜನ ಅತ್ತಾಗ ಹೋಗ್ತಾರೋ. ಅದರಾಗ ಅಂವ ಹೇಳೋದು ಇಷ್ಟು, ನಾ ಬುದ್ಧನ ಉಪಾಸಕ ಆಗಿ ಎರಡೂವರಿ ವರ್ಷದ ಮ್ಯಾಲಾತು, ಒಂದು ವರ್ಷ ಅಷ್ಟೇನು ಪ್ರಯತ್ನ ಮಾಡ್ಲಿಲ್ಲ, ಭಿಕ್ಷುಗಳ ಸಂಘದ ಹತ್ರ ಹೋದ ಮ್ಯಾಲ ಒಂದು ವರ್ಷದಿಂದ ಚಲೋ ಪ್ರಯತ್ನ ಮಾಡಾಕತ್ತೀನಿ ಅಂತ. ಅಷ್ಟು ದೊಡ್ಡ ರಾಜ ಒಂದು ವರ್ಷ ಹಂಗ ಹೋತು ಅಂತ ಕಲ್ಲಿನ ಮ್ಯಾಲ ಕೆತ್ತಿಸ್ಯಾನ, ನಾ ದಂಡ ಮನುಷ್ಯ ಅಂತ ಕೆತ್ತಿಸಿಲ್ಲ ನೋಡು. ಎಷ್ಟು ದಿನ, ಏನ್ ಮಾಡ್ಲಿಲ್ಲ, ಆಮ್ಯಾಲ ಏನ್ ಮಾಡ್ದೆ, ಮುಗೀತು.

ನೀನೂ ಹಂಗ ಬರಿ. ಟೈಮ್ ವೇಸ್ಟ್ ಅಂದ್ರ ಏನು, 9ರಿಂದ 11ರ ತನಕ ರೀಲ್ಸ್ ನೋಡಿದ್ಯಾ? ಹಂಗಂತ ಬರಿ, ಫೋನ್ ಹಿಡಿಯೋಕಿಂತ ಮೊದ್ಲು ಯಾರ ಜೋಡಿ ಏನ್ ಮಾತಾತು ಅದನ್ನೂ ಬರಿ. ಆಮ್ಯಾಲ ಇವತ್ತು ಯಾವ ಕೆಲಸ ಮಾಡುವಾಗ ಗಡಿಯಾರ ನೋಡ್ಲಿಲ್ಲ, ಯಾವ ಕೆಲಸ ಮುಟ್ಟೋಕಿಂತ ಮೊದ್ಲೇ ಸುಸ್ತಾತು, ಯಾರನ್ನ ನೋಡಿ ಹೊಟ್ಟಿ ಉರೀತು. ಈ ಕಡೀದು ಬರಿಯಾಕ ನಾಚಿಕಿ ಆಗ್ತೈತಿ, ಆದ್ರೂ ಬರಿ, ನನ್ನ ಕೇಳಿದ್ರ ಹೊಟ್ಟಿಕಿಚ್ಚಿನಷ್ಟು ಖರೇ ಹೇಳೋದು ಯಾವುದೂ ಇಲ್ಲ. ಪಿಎಸ್‌ಐ ಆದ ಗೆಳೆಯನ ಡ್ರೆಸ್ಸಿನ ಫೋಟೋ ನೋಡಿ ಉರೀತೋ, ಇಲ್ಲಾ ಕಾರಟಗಿಯಾಗ ಸ್ವಂತ ಅಂಗಡಿ ಹಾಕಿದವನ್ನ ನೋಡಿ ಉರೀತೋ? ಎರಡೂ ಒಂದೇ ಉರಿ ಅಲ್ಲ ತಮ್ಮಾ.

ಇನ್ನ ಖತಾವಣಿ. ಕಿರ್ದಿ ಎಷ್ಟು ಬರದ್ರೂ ಖಾತೆಗೆ ಎತ್ತದಿದ್ರ ಯಾರದು ಬಾಕಿ ಅಂತ ತಿಳಿಯಂಗಿಲ್ಲ, ಇದನ್ನ ನಿನಗ ನಾ ಹೇಳ್ಬೇಕಾ? ತಿಂಗಳಿಗೊಮ್ಮಿ ಒಂದು ತಾಸು ಕುಂತು ಹಿಂದಿನ ಪುಟ ಓದಿ ಒಂದೊಂದೇ ಎತ್ತಿ ಬರಿ, ಅಪ್ಪನ ಖಾತೆ, ರೊಕ್ಕದ ಖಾತೆ, ಓದಿನ ಖಾತೆ, ಇನ್ನ್ಯಾವುದು ಬರ್ತೈತೋ ಅದು. ಯಾವ ಖಾತೆ ದಪ್ಪ ಆಗ್ತೈತಿ ನೋಡು. ಉದಾಹರಣಿಗೆ ಹುಡುಗರಿಗೆ ಲೆಕ್ಕ ಹೇಳಿಕೊಟ್ಟ ದಿನಾನೇ ನಾಕು ಸಲ ಬಂತು ಅನ್ಕೋ, ಮುಂದಿನ ಎರಡು ತಿಂಗಳು ಆಯ್ತವಾರಕ್ಕೊಮ್ಮಿ ಇಬ್ರು ಹುಡುಗರಿಗೆ ಟ್ಯಾಲಿ ಕಲಿಸಿ ನೋಡು. ಕೆಲಸ ಬಿಡಬ್ಯಾಡ, ಬೆಂಗಳೂರು ಎಲ್ಲಿಗೂ ಓಡಿ ಹೋಗಂಗಿಲ್ಲ.

ಬರದ್ರ ಬ್ಯಾಸರ ಅಂದ್ಯಲ್ಲ, ಅದು ಸುಳ್ಳಲ್ಲ. 1986ರಾಗ ಅಮೆರಿಕಾದಾಗ ಜೇಮ್ಸ್ ಪೆನ್ನಿಬೇಕರ್ ಅನ್ನೋ ಸೈಕಾಲಜಿಸ್ಟ್ ಕಾಲೇಜ್ ಹುಡುಗರಿಗೆ ನಾಕು ದಿನ, ದಿನಕ್ಕ 15 ನಿಮಿಷ, ಮನಸ್ಸಿಗೆ ಪೆಟ್ಟಾದ ಸಂಗತಿ ಬರಿಯಾಕ ಹಚ್ಚಿದ. ಬರದ ಕೂಡ್ಲೇ ಅವರ ಮನಸ್ಸು ಮೊದಲಿಗಿಂತ ಭಾರ ಆಗಿತ್ತು, ಆದ್ರ ಮುಂದಿನ ತಿಂಗಳುಗಳಾಗ ಡಾಕ್ಟರ್ ಕಡೆ ಹೋಗೋದು ಕಡಿಮಿ ಆತು, ಅದೂ ಏನಾತು ಅನ್ನೋದರ ಜೋಡಿ ಹೆಂಗ ಅನಿಸ್ತು ಅಂತಾನೂ ಬರದವರಿಗೆ. ಧಾರವಾಡದ ಎರಡು ವರ್ಷ ನಿನ್ನೊಳಗ ಹಂಗ ಕುಂತೈತಿ ಅನಸ್ತೈತಿ. ಅದಕ್ಕ ನಾಕು ದಿನ ಕೊಡು, ಆಮ್ಯಾಲ ಮುಚ್ಚಿಡು, ದಿನಾ ಕೆದಕಬ್ಯಾಡ. ಊಟ, ನಿದ್ದಿ ಕೆಟ್ಟಿದ್ರ ಮಾತ್ರ ಡೈರಿ ಪಕ್ಕಕ್ಕಿಟ್ಟು 14416ಕ್ಕ ಫೋನ್ ಮಾಡು, ಸರ್ಕಾರದ ಟೆಲಿ ಮಾನಸ್, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ಬಹುದು.

ಪ್ರಶ್ನೆ: ಅಕ್ಕಾ, ನನಗೂ ಬರಿಯೋ ಆಸಿ ಐತಿ, ಆದ್ರ ಮನ್ಯಾಗ ಎಂಟು ಮಂದಿ, ಬೀರುವಿನ ಕೀಲಿಕೈ ಅತ್ತಿ ಹತ್ರ, ಫೋನ್ ಮಕ್ಕಳ ಕೈಯಾಗ. ಎಲ್ಲಿ ಬರೀಲಿ?
— ಒಬ್ಬ ಸೊಸಿ, ಸಿರುಗುಪ್ಪ

ಉತ್ತರ: ತಂಗೀ, ಬರದು ಹರಿದು ನೀರೊಲಿಗೆ ಹಾಕಿದ್ರೂ ಬರದದ್ದು ಬರದಂಗ, ಇಡಲೇಬೇಕು ಅಂತ ಯಾರ್ ಹೇಳ್ಯಾರ? ಅದೂ ಆಗ್ಲಿಲ್ಲ ಅಂದ್ರ ಅಡಿಗಿ ಮನಿ ಕ್ಯಾಲೆಂಡರ್ ಐತಲ್ಲ, ಹಾಲಿನ ಲೆಕ್ಕ ಹಾಕೋದು, ಅದರಾಗ ಮನಸ್ಸಿಗೆ ಚಲೋ ಅನಿಸಿದ ದಿನ ಒಂದು ಚುಕ್ಕಿ ಇಡು, ಮಾತು ನುಂಗ್ಕೊಂಡ ದಿನ ಒಂದು ಗೀಟು ಎಳಿ. ತಿಂಗಳ ಹಾಳಿ ತಿರುವುವಾಗ ಎಣಿಸು. ನಮ್ಮವ್ವ ಸಿಲಿಂಡರ್ ಹಚ್ಚಿದ ತಾರೀಕನ್ನ ಅಂಥಾ ಕ್ಯಾಲೆಂಡರ್‌ನಾಗ ಬರಿತಿದ್ಲು, ಪಕ್ಕದಾಗ ಏನೇನೋ ಗುರುತು ಇರ್ತಿದ್ವು, ಅವು ಏನು ಅಂತ ನಾವು ಮಕ್ಕಳು ಒಮ್ಮಿನೂ ಕೇಳ್ಲಿಲ್ಲ.