ಯೆರೆವಾನಿನಲ್ಲಿ ಸಸ್ಯಾಹಾರಿ ಏನು ತಿನ್ನಬೇಕು?

ಪ್ರಶ್ನೆ: ನಾವು ನಾಲ್ವರು ಗೆಳತಿಯರು, ಒಂದೇ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮಾರ್ಚ್‌ನಲ್ಲಿ ಆರ್ಮೇನಿಯಾ ಪ್ರವಾಸ ಹೊರಟಿದ್ದೇವೆ. ಒಬ್ಬಳ ಮಗ ಯೆರೆವಾನಿನಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಮೊದಲ ರಾತ್ರಿಯೇ ಅಲ್ಲಿನ ಸಾಂಪ್ರದಾಯಿಕ ಹೋಟೆಲಿನಲ್ಲಿ ಊಟವೆಂದು ನಿಶ್ಚಯಿಸಿದ್ದಾನೆ. ಉಳಿದವರೆಲ್ಲ ಮಾಂಸ ತಿನ್ನುತ್ತಾರೆ, ನಾನು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ‘ನಿನಗೆ ಬ್ರೆಡ್ಡು, ಮೊಸರು ಸಿಗುತ್ತದೆ ಬಿಡು’ ಎಂದು ನಗುತ್ತಾರೆ. ಹೋಟೆಲಿಗೆ ಪುಳಿಯೋಗರೆ ಒಯ್ಯಲೇ, ಕೋಣೆಯಲ್ಲೇ ಉಳಿಯಲೇ? ಬಿಲ್ಲನ್ನು ಸಮಪಾಲು ಮಾಡುವ ಮಾತೂ ನಡೆದಿದೆ.
– ಹೆಸರು ಬೇಡ, ಸರಸ್ವತಿಪುರಂ, ಮೈಸೂರು

ಉತ್ತರ: ಗೊಜ್ಜು ಪೆಟ್ಟಿಗೆಯಲ್ಲಿರಲಿ, ಆದರೆ ಹೋಟೆಲಿನ ಮೇಜಿನ ಮೇಲೆ ಡಬ್ಬಿ ಬಿಚ್ಚಬೇಡಿ. ಕೋಣೆಯಲ್ಲಿ ಉಳಿಯುವ ಮಾತಂತೂ ಬೇಡವೇ ಬೇಡ. ನನ್ನ ತಂಗಿಯ ಮಗನೂ ಅಲ್ಲೇ ಓದಿದವನು. ಅವನ ನೆಪದಲ್ಲಿ ಹೋಗಿ, ನಿಮ್ಮಂತೆಯೇ ಸೊಪ್ಪು ತರಕಾರಿ ತಿನ್ನುವ ನಾನು ಒಂದು ದಿನವೂ ಹಸಿದು ಮಲಗಲಿಲ್ಲ.

ನೀವು ಹೊರಟಿರುವ ತಿಂಗಳೇ ನಿಮ್ಮ ಪಾಲಿಗೆ ಒಳ್ಳೆಯದು. ಆರ್ಮೇನಿಯಾ ಕ್ರಿ.ಶ. 301ರಲ್ಲೇ ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿಕೊಂಡಿತೆಂದು ಹೇಳಿಕೊಳ್ಳುವ ನಾಡು. ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ನೇಮದವರು ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಡುತ್ತಾರೆ. ಅದಕ್ಕೆಂದೇ ‘ಪಾಸ್’ನ, ಅಂದರೆ ಉಪವಾಸದ, ಅಡುಗೆಗಳಿವೆ. ಹುಡುಗನಿಗೆ ಹಿಂದಿನ ದಿನವೇ ಹೋಟೆಲಿಗೆ ಫೋನ್ ಮಾಡಿ ಅದನ್ನು ಕೇಳಲು ಹೇಳಿ. ಸಸ್ಯಾಹಾರವೆಂದರೆ ಮಾಣಿ ಕೋಳಿ ತಂದಿಟ್ಟಾನು, ಉಪವಾಸವೆಂದರೆ ತಪ್ಪು ಮಾಡಲಾರ. ಪಾಸುತ್ಸ್ ತೋಲ್ಮಾ ಅಂಥ ಅಡುಗೆ: ಕೋಸಿನ ಎಲೆಯೊಳಗೆ ಕಡಲೆ, ಹುರುಳಿಕಾಯಿ ಬೀಜ, ಮಸೂರ ಬೇಳೆ, ಗೋಧಿ ನುಚ್ಚು ಇಟ್ಟು ಸುತ್ತಿ ಬೇಯಿಸಿ, ಆರಿಸಿ ಬಡಿಸುತ್ತಾರೆ. ತಣ್ಣಗಿದೆಯಲ್ಲ ಎಂದು ಮುಖ ಸಿಂಡರಿಸಬೇಡಿ, ಅದು ಹಾಗೆಯೇ. ದ್ರಾಕ್ಷಿ ಎಲೆಯ ತೋಲ್ಮಾದಲ್ಲಿ ಮಾತ್ರ ಸಾಮಾನ್ಯವಾಗಿ ಖೀಮಾ ಇರುತ್ತದೆ.

ನನ್ನ ಮಟ್ಟಿಗೆ ಅಲ್ಲಿನ ದೊಡ್ಡ ರುಚಿಯೆಂದರೆ ಝಿಂಗ್ಯಾಲೋವ್ ಹಾತ್ಸ್. ನಾಗೊರ್ನೊ ಕರಾಬಖ್ ಕಡೆಯ ರೊಟ್ಟಿ ಅದು. ನಮ್ಮ ಮಂಡ್ಯದ ಹೆಂಗಸರು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುವ ಹಾಗೆ ಹತ್ತಾರು ಬಗೆಯ ಸೊಪ್ಪು ಕೂಡಿಸಿ ಸಣ್ಣಗೆ ಹೆಚ್ಚಿ, ಎಣ್ಣೆ ಉಪ್ಪು ಬೆರೆಸಿ, ತೆಳು ಹಿಟ್ಟಿನೊಳಗೆ ತುಂಬಿ, ಅಂಚು ಚಿವುಟಿ ದೋಣಿಯಾಕಾರಕ್ಕೆ ತಂದು ಹೆಂಚಿನ ಮೇಲೆ ಸುಡುತ್ತಾರೆ. ಕಚ್ಚಿದರೆ ಮೊದಲು ಹಿಟ್ಟಿನ ಸುಟ್ಟ ಕಮರು, ಹಿಂದೆಯೇ ಸೊಪ್ಪಿನ ಹುಳಿ, ಒಗರು. 2023ರ ಸೆಪ್ಟೆಂಬರಿನಲ್ಲಿ ಅದು ಅಜರ್‌ಬೈಜಾನ್ ಸೇನೆಯ ಕೈಸೇರಿದಾಗ ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಆ ನೆಲ ಬಿಟ್ಟು ಆರ್ಮೇನಿಯಾಕ್ಕೆ ಬಂದರು. ಅವರ ಕೈಯದೇ ಸಿಕ್ಕರೆ ಬಿಡಬೇಡಿ.

ಮೋಸಹೋಗುವ ಜಾಗಗಳೂ ಇವೆ. ಹರಿಸಾ ನೋಡಲು ಮುಗ್ಧ ಗೋಧಿ ಗಂಜಿ, ಒಳಗೆ ಕೋಳಿ ಕರಗಿರುತ್ತದೆ. ಸ್ಪಾಸ್ ಎಂಬ ಮೊಸರಿನ ಸೂಪು ಕುದಿಯುವಾಗ ಒಡೆಯದಿರಲೆಂದು ಮೊಟ್ಟೆ ಕದಡುತ್ತಾರೆ. ಗಾತಾ ಎಂಬ ಸಿಹಿ ರೊಟ್ಟಿಯ ಮೇಲಿನ ಹೊಳಪೂ ಮೊಟ್ಟೆಯದೇ. ಖೊರೊವಾತ್ಸ್ ಎಂದರೆ ಕೆಂಡದ ಮೇಲೆ ಸುಟ್ಟ ಮಾಂಸ, ಹೆಚ್ಚಾಗಿ ಹಂದಿಯದು. ಜೊತೆಗೆ ಬರುವ ಬದನೆ, ಟೊಮೆಟೊ, ಮೆಣಸಿನಕಾಯಿ ಅದೇ ಕೆಂಡದ್ದಾಗಿರಬಹುದು. ನಿಮಗೆ ಅದು ಸಹಿಸದೆಂದರೆ ಕೇಳಿಯೇ ತರಿಸಿಕೊಳ್ಳಿ. ಕುಡಿಯಲು ‘ತಾನ್’ ಕೇಳಿ, ಉಪ್ಪು ಹಾಕಿದ ಮಜ್ಜಿಗೆಯೇ ಬರುತ್ತದೆ. ಗೆಳತಿಯರು ಬ್ರಾಂದಿ ಲೋಟ ಎತ್ತಿ ಹಾರೈಸುವಾಗ ನೀವು ಅದನ್ನೇ ಎತ್ತಬಹುದು.

ಬಿಲ್ಲಿನ ಮಾತನ್ನು ಮೈಸೂರಿನಲ್ಲೇ ಮುಗಿಸಿ. ರೊಟ್ಟಿ, ಸಲಾಡು, ಚೀಸ್, ಕಾಫಿ ನಾಲ್ವರದು. ಮಾಂಸ, ಮದ್ಯ ಅವರದು. ಬ್ಯಾಂಕಿನವರಿಗೆ ಲೆಕ್ಕ ನಾನು ಹೇಳಿಕೊಡಬೇಕೇ? ಎಷ್ಟೋ ಹೋಟೆಲುಗಳು ಶೇಕಡ 10ರಷ್ಟು ಸೇವಾಶುಲ್ಕ ಸೇರಿಸುತ್ತವೆ, ಅದನ್ನು ಮಾತ್ರ ಸಮಪಾಲು ಮಾಡಿ. ಅವರ ನಗುವಿಗೆ ಉತ್ತರ ಬೇಕಿಲ್ಲ. ಆ ಸೊಪ್ಪಿನ ರೊಟ್ಟಿಯನ್ನು ನಡುವೆ ಇಡಿಸಿ, ಕೈ ಮೊದಲು ಚಾಚುವವರು ಅವರೇ.

ಪ್ರಶ್ನೆ: ಆರ್ಮೇನಿಯಾದ ಲವಾಶ್ ರೊಟ್ಟಿಯನ್ನು ಮನೆಯಲ್ಲಿ ಮಾಡಬಹುದೇ?
– ಓದುಗರು, ಮದ್ದೂರು

ಉತ್ತರ: ನೆಲದಲ್ಲಿ ಹೂತ ತೊನಿರ್ ಒಲೆ ನಮ್ಮಲ್ಲಿಲ್ಲ. ಅಲ್ಲಿ ಹೆಂಗಸರು ಹಿಟ್ಟನ್ನು ಮೆತ್ತೆಯ ಮೇಲೆ ಹಾಳೆಯಷ್ಟು ತೆಳುವಾಗಿ ಎಳೆದು, ಬಗ್ಗಿ ಒಲೆಯ ಗೋಡೆಗೆ ಬಡಿಯುತ್ತಾರೆ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಬೆಂದಿರುತ್ತದೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕೈಚಳಕ ಅದು. ನೀವು ಕಬ್ಬಿಣದ ಬಾಣಲೆಯನ್ನು ಒಲೆಯ ಮೇಲೆ ಬೋರಲು ಹಾಕಿ ಚೆನ್ನಾಗಿ ಕಾಯಿಸಿ. ಮೈದಾ, ಉಪ್ಪು, ನೀರು ಕಲಸಿ ನೆನೆಸಿ, ಆದಷ್ಟು ತೆಳುವಾಗಿ ಲಟ್ಟಿಸಿ ಹೊದಿಸಿ. ಒಣಗಿಸಿಟ್ಟರೆ ಬಹುಕಾಲ ಕೆಡುವುದಿಲ್ಲ, ತಿನ್ನುವ ಮುನ್ನ ನೀರು ಚಿಮುಕಿಸಿ ಬಟ್ಟೆ ಮುಚ್ಚಿದರೆ ಮತ್ತೆ ಮೆತ್ತಗಾಗುತ್ತದೆ.