ಓದುಗರ ಪ್ರಶ್ನೆ, ನಮ್ಮ ಉತ್ತರ: ಕಣ್ಣು ತೆರೆದ ದಿನ ಯಾವುದು ಅಂತ ಹೇಳಲೇಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕಣ್ಣಿನ ವಿಷಯವೇ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್ ದಿನಗಳಲ್ಲಿ ಎಷ್ಟೋ ಸಭೆಗಳಲ್ಲಿ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಓದುತ್ತಾರೆ. ಹುಟ್ಟಿನಿಂದ ಕಣ್ಣು ಕಾಣದವನಿಗೆ ಯೇಸುಸ್ವಾಮಿ ದೃಷ್ಟಿ ಕೊಟ್ಟ ಕಥೆ ಅದು. ಅದರ ಮೇಲಿನ ಪ್ರಸಂಗ ಕೇಳಿ ಮನೆಗೆ ಹೋದವರು, ಕೆಲವರು ಬೇಜಾರಿನಲ್ಲಿ, ಕೆಲವರು ಸಿಟ್ಟಿನಲ್ಲಿ ಬರೆದಿದ್ದಾರೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಪಾಸ್ಟರ್. ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಕುಟುಂಬ. ಸಂಡೇ ಸ್ಕೂಲ್, ಕನ್ಫರ್ಮೇಶನ್, ಮದುವೆ ಎಲ್ಲ ಒಂದೇ ಚರ್ಚ್‌ನಲ್ಲಿ ಆಯಿತು. ಈಗ ನಮ್ಮ ಮನೆ ಹತ್ತಿರ ಒಂದು ಪ್ರಾರ್ಥನಾ ಕೂಟ ಶುರುವಾಗಿದೆ. ಅಲ್ಲಿ ಎಲ್ಲರೂ ತಮ್ಮ ಒಳಗಣ್ಣು ತೆರೆದ ದಿನ, ಗಂಟೆ ಸಮೇತ ಸಾಕ್ಷಿ ಹೇಳುತ್ತಾರೆ. ನನಗೆ ಹೇಳಲಿಕ್ಕೆ ಅಂಥ ದಿನ ಯಾವುದೂ ಇಲ್ಲ. "ಹಾಗಾದರೆ ಅಕ್ಕಾ, ನಿಮಗಿನ್ನೂ ಕಣ್ಣು ಬಂದಿಲ್ಲ" ಅಂತ ಒಬ್ಬರು ಎಲ್ಲರೆದುರೇ ಹೇಳಿದರು. ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ನಾನು ಇಷ್ಟು ವರ್ಷ ಸುಮ್ನೆ ಚರ್ಚ್‌ಗೆ ಹೋದೆನಾ?
(ಉಡುಪಿಯಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಮೊದಲು ನಿದ್ದೆ ಮಾಡಿ. ನಿಮ್ಮ ಕಣ್ಣು ಬಂದಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ಆ ಕೂಟದಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ಬೈಬಲ್ ತೆಗೆದು ಮಾರ್ಕನ ಸುವಾರ್ತೆ 8ನೇ ಅಧ್ಯಾಯ, 22ನೇ ವಚನದಿಂದ ಓದಿ. ಬೇತ್ಸಾಯಿದ ಊರಿನಲ್ಲಿ ಒಬ್ಬ ಕಣ್ಣಿಲ್ಲದವನನ್ನು ಯೇಸುವಿನ ಹತ್ತಿರ ಕರೆತರುತ್ತಾರೆ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗಿ ಅವನ ಮೇಲೆ ಕೈಯಿಟ್ಟು "ಏನಾದರೂ ಕಾಣುತ್ತದಾ?" ಎಂದು ಕೇಳುತ್ತಾನೆ. ಅವನು ಹೇಳುವುದು ನೋಡಿ, ಮನುಷ್ಯರು ಕಾಣುತ್ತಾರೆ, ಆದರೆ ಮರಗಳು ನಡೆದಾಡಿದ ಹಾಗೆ ಕಾಣುತ್ತಾರೆ. ಅಂದರೆ ಕಣ್ಣು ಬಂದಿದೆ, ಸರಿಯಾಗಿ ಬಂದಿಲ್ಲ. ಯೇಸು ಬೈಯಲಿಲ್ಲ. ಇನ್ನೊಮ್ಮೆ ಕೈಯಿಟ್ಟ. ಆಗ ಎಲ್ಲ ಸ್ಪಷ್ಟವಾಯಿತು.

ನಾಲ್ಕು ಸುವಾರ್ತೆಗಳಲ್ಲಿ ಎರಡು ಸಲ ಕೈಯಿಟ್ಟು ಗುಣಪಡಿಸಿದ್ದು ಇದೊಂದೇ ಕಡೆ. ಮಾರ್ಕ ಇದನ್ನು ಈ ಜಾಗದಲ್ಲೇ ಇಟ್ಟದ್ದಕ್ಕೆ ಕಾರಣ ಇದೆ ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಮುಂದಿನ ವಚನಗಳಲ್ಲೇ ಶಿಷ್ಯ ಪೇತ್ರ "ನೀನು ಕ್ರಿಸ್ತನು" ಎಂದು ಹೇಳುತ್ತಾನೆ, ಅದಾದ ಸ್ವಲ್ಪ ಹೊತ್ತಿಗೇ ಯೇಸು ತನಗೆ ಬರಲಿರುವ ಶ್ರಮೆ, ಮರಣದ ಮಾತೆತ್ತಿದಾಗ ಅದೇ ಪೇತ್ರ ಯೇಸುವನ್ನೇ ಗದರಿಸಲು ಹೋಗಿ "ಸೈತಾನನೇ, ನನ್ನ ಹಿಂದೆ ಹೋಗು" ಎನ್ನಿಸಿಕೊಳ್ಳುತ್ತಾನೆ. ಅವನಿಗೂ ಆಗ ಮರಗಳೇ ಕಾಣುತ್ತಿದ್ದವು. ಅವನಿಗೆ ಕಣ್ಣು ಬಂದ ದಿನ ಯಾವುದು ಅಂತ ಬರೆಯೋಣ ಹೇಳಿ? ಬಲೆ ಬಿಟ್ಟು ಬಂದ ದಿನವಾ, "ನೀನು ಕ್ರಿಸ್ತನು" ಎಂದ ದಿನವಾ, ಯೇಸು ಯಾರೋ ಗೊತ್ತಿಲ್ಲ ಎಂದು ಹೇಳಿ, ಕೋಳಿ ಕೂಗಿದಾಗ ಅತ್ತ ರಾತ್ರಿಯಾ?

ಕೂಟದವರು ಬಹುಶಃ, ಯೇಸುವಿನ ಶಿಷ್ಯರನ್ನು ಹಿಡಿಯಲು ಹೊರಟು ದಾರಿಯಲ್ಲೇ ಬದಲಾದ ಪೌಲನ ಉದಾಹರಣೆ ಕೊಟ್ಟಿರುತ್ತಾರೆ. ನಿಜ, ಪೌಲನಿಗೆ ದಿನ ಇದೆ, ದಾರಿ ಇದೆ, ದಮಸ್ಕ ಎಂಬ ಊರಿನ ಹೆಸರೂ ಇದೆ. ಆದರೆ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ಪೂರ್ತಿ ಓದಿ. ಆ ದೊಡ್ಡ ಬೆಳಕು ಕಂಡ ತಕ್ಷಣ ಅವನಿಗೆ ಆದದ್ದೇನು? ಇದ್ದ ಕಣ್ಣೂ ಹೋಯಿತು. ಮೂರು ದಿನ ಊಟವಿಲ್ಲ, ನೀರಿಲ್ಲ, ಯಾರೋ ಕೈ ಹಿಡಿದು ನಡೆಸಬೇಕಾಯಿತು. ಅನನೀಯ ಎಂಬ ಸಾಧಾರಣ ಶಿಷ್ಯನೊಬ್ಬ ಹೆದರುತ್ತಲೇ ಬಂದು "ಸಹೋದರನಾದ ಸೌಲನೇ" ಎಂದು ಕರೆದು (ಸೌಲ ಎಂಬುದು ಪೌಲನ ಇನ್ನೊಂದು ಹೆಸರು) ಅವನ ಮೇಲೆ ಕೈಯಿಟ್ಟಾಗ ಕಣ್ಣಿಂದ ಪರೆಗಳಂತಿದ್ದದ್ದು ಬಿದ್ದಿತು. ಅಷ್ಟಾದ ಮೇಲೂ ಮೂರು ವರ್ಷ ಕಳೆದೇ ಜೆರುಸಲೇಮಿಗೆ ಹೋದೆ ಎಂದು ಗಲಾತ್ಯದವರಿಗೆ ಪೌಲನೇ ಬರೆದಿದ್ದಾನೆ. ಅವನ ಕಥೆಯಲ್ಲೂ ಕಾಯುವುದು ಇದೆ. ಸಾಕ್ಷಿ ಹೇಳುವಾಗ ನಾವು ಆ ಭಾಗ ಬಿಟ್ಟುಬಿಡುತ್ತೇವೆ, ಅಷ್ಟೇ.

ಇನ್ನು ಯೋಹಾನ 9ನೇ ಅಧ್ಯಾಯದವನು. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ, ಪ್ರಸಂಗಗಳಲ್ಲಿ ಯಾಕೋ ಅದನ್ನು ಹೇಳುವುದು ಕಡಿಮೆ. ಯೇಸು ಅವನ ಕಣ್ಣಿಗೆ ಕೆಸರು ಹಚ್ಚಿ "ಸಿಲೋವ ಕೊಳಕ್ಕೆ ಹೋಗಿ ತೊಳೆದುಕೋ" ಎಂದ. ಅವನು ಹೋದ, ತೊಳೆದ, ಕಣ್ಣು ಬಂತು. ಆದರೆ ಆಗ ಯೇಸು ಅಲ್ಲಿ ಇರಲಿಲ್ಲ! ತನಗೆ ಕಣ್ಣು ಕೊಟ್ಟವನ ಮುಖವನ್ನೇ ಅವನು ನೋಡಿರಲಿಲ್ಲ. ಅಕ್ಕಪಕ್ಕದವರು ಕೇಳಿದಾಗ "ಯೇಸು ಎಂಬ ಒಬ್ಬ ಮನುಷ್ಯ" ಎಂದ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವರಾದ ಫರಿಸಾಯರು ಒತ್ತಾಯ ಮಾಡಿದಾಗ "ಪ್ರವಾದಿ" ಎಂದ. ಅಪ್ಪ ಅಮ್ಮ ಹೆದರಿಕೊಂಡು "ಅವನನ್ನೇ ಕೇಳಿ, ಪ್ರಾಯದವನು" ಎಂದು ಜಾರಿಕೊಂಡ ಮೇಲೆ ಇವನು ಒಬ್ಬನೇ ನಿಂತು, ಆತನು ದೇವರಿಂದ ಬಂದವನಲ್ಲದಿದ್ದರೆ ಇದನ್ನೆಲ್ಲ ಮಾಡಲು ಆಗುತ್ತಿರಲಿಲ್ಲ ಎಂದ. ಅದಕ್ಕೆ ಅವನನ್ನು ಹೊರಗೆ ಹಾಕಿದರು. ಆ ಸುದ್ದಿ ಕೇಳಿ ಯೇಸು ತಾನೇ ಅವನನ್ನು ಹುಡುಕಿಕೊಂಡು ಬಂದ. ಆಗ ಮೊದಲ ಸಲ ಮುಖ ನೋಡಿ "ಕರ್ತನೇ, ನಂಬುತ್ತೇನೆ" ಎಂದು ಅಡ್ಡಬಿದ್ದ. ಕೊಳದ ಹತ್ತಿರ ಬಂದ ಕಣ್ಣಿಗೂ ಈ ಮಾತಿಗೂ ನಡುವೆ ಎಷ್ಟು ಜಗಳ, ಎಷ್ಟು ಒಂಟಿತನ ಇತ್ತು ನೋಡಿ.

ಹಳೆಯ ಕಾಲದ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೆ ತಯಾರಾಗುವವರಿಗೆ ಇದೇ ಅಧ್ಯಾಯ ಓದಿಸುತ್ತಿದ್ದರು. ಕೆಲವು ಕಡೆ ಆ ತಯಾರಿಗೇ ಮೂರು ವರ್ಷ ಇಟ್ಟಿದ್ದರು. ಅವಸರ ಅವರಿಗಿರಲಿಲ್ಲ.

ಅಮ್ಮಾ, ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡವರಿಗೆ ಪಟ್ಟಿ ಬಿಚ್ಚಿದ ದಿನ ನೆನಪಿರುತ್ತದೆ, ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪವೇ ನೋಡಲು ಕಲಿತವರಿಗೆ ಅಂಥ ದಿನ ಇರುವುದಿಲ್ಲ. ಎರಡೂ ನೋಟವೇ. ಕೂಟಕ್ಕೆ ಹೋಗಲು ಮನಸ್ಸಿದ್ದರೆ ಹೋಗಿ, ಅವರ ಸಾಕ್ಷಿ ಕೇಳಿ ಸಂತೋಷಪಡಿ. ನಿಮ್ಮನ್ನು ಕೇಳಿದರೆ ಸಂಡೇ ಸ್ಕೂಲಿನಲ್ಲಿ ಪ್ರಾರ್ಥನೆ ಕಲಿಸಿದವರ ಹೆಸರು ಹೇಳಿ. ಅದೂ ಸಾಕ್ಷಿಯೇ.

ಪ್ರಶ್ನೆ: ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಸಭೆಯ ಗಾಯನ ತಂಡದಲ್ಲಿ ಹಾಡುತ್ತೇನೆ. ಪ್ರಸಂಗದಲ್ಲಿ ಪಾಪಿಗಳಿಗೆ, ಅವಿಶ್ವಾಸಿಗಳಿಗೆ ಎಲ್ಲ "ಕುರುಡರು, ಕುರುಡರು" ಎನ್ನುವಾಗ ನನ್ನ ಪಕ್ಕದಲ್ಲಿ ಕೂತವರು ಸುಮ್ಮನಾಗುವುದು ನನಗೆ ಗೊತ್ತಾಗುತ್ತದೆ. ಆರಾಧನೆ ಮುಗಿದ ಮೇಲೆ ಯಾರೋ ಕೇಳದೆಯೇ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಗುಣ ಆಗದಿದ್ದರೆ ನಂಬಿಕೆ ಸಾಲದು ಎನ್ನುತ್ತಾರೆ. ಏನು ಮಾಡಲಿ?
(ಮಂಗಳೂರಿನಿಂದ ಒಬ್ಬ ಯುವಕ)

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು. ಇದನ್ನು ಪ್ರಸಂಗ ಮಾಡುವವರೆಲ್ಲ ಓದಲಿ ಎಂದೇ ಇಲ್ಲಿ ಹಾಕಿದ್ದೇನೆ.

ಯೋಹಾನ 9ನೇ ಅಧ್ಯಾಯ ಶುರುವಾಗುವುದೇ ನಿಮಗಾದ ಅನ್ಯಾಯದಿಂದ. ಶಿಷ್ಯರು ದಾರಿಯಲ್ಲಿ ಕೂತ ಮನುಷ್ಯನನ್ನು ನೋಡಿ, ಅವನ ಜೊತೆ ಒಂದು ಮಾತೂ ಆಡದೆ, ಅವನ ಕಿವಿಗೆ ಬೀಳುವಷ್ಟು ಹತ್ತಿರ ನಿಂತುಕೊಂಡೇ "ಗುರುವೇ, ಇವನು ಹೀಗೆ ಹುಟ್ಟಲು ಯಾರು ಪಾಪ ಮಾಡಿದರು, ಇವನೋ, ಇವನ ತಂದೆತಾಯಿಯೋ?" ಎಂದು ಕೇಳುತ್ತಾರೆ. ಯೇಸುವಿನ ಉತ್ತರದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಇವನೂ ಮಾಡಿಲ್ಲ, ಇವನ ತಂದೆತಾಯಿಯೂ ಮಾಡಿಲ್ಲ. ಕಣ್ಣು ಕಾಣದಿರುವುದಕ್ಕೂ ಪಾಪಕ್ಕೂ ಗಂಟು ಹಾಕುವವರು ಈ ವಚನವನ್ನು ದಾಟಿ ಹೋಗಬೇಕು. ದಾಟಲು ಆಗುವುದಿಲ್ಲ.

ನಂಬಿಕೆ ಸಾಲದು ಎನ್ನುವವರಿಗೆ 1 ಅರಸುಗಳು 14ನೇ ಅಧ್ಯಾಯ ತೋರಿಸಿ. ಅಹೀಯ ಪ್ರವಾದಿಗೆ ಮುಪ್ಪಿನಿಂದ ಕಣ್ಣು ಮಂಜಾಗಿ ಕಾಣುತ್ತಿರಲಿಲ್ಲ. ಅರಸ ಯಾರೊಬ್ಬಾಮನ ಹೆಂಡತಿ ವೇಷ ಬದಲಿಸಿಕೊಂಡು ಬಂದಳು. ಬಾಗಿಲ ಹತ್ತಿರ ಹೆಜ್ಜೆ ಸಪ್ಪಳ ಕೇಳಿದ್ದೇ "ಯಾರೊಬ್ಬಾಮನ ಹೆಂಡತಿಯೇ, ಒಳಗೆ ಬಾ, ಯಾಕೆ ವೇಷ?" ಎಂದ. ದೇವರು ಅವನಿಗೆ ಮೊದಲೇ ಹೇಳಿದ್ದ. ಆ ಕಣ್ಣನ್ನು ಗುಣಪಡಿಸಬೇಕೆಂದು ದೇವರಿಗೆ ಅನಿಸಲಿಲ್ಲ, ಪ್ರವಾದಿಯ ಕೆಲಸ ಮಾತ್ರ ನಿಲ್ಲಲೂ ಇಲ್ಲ. ಯೆರಿಕೋ ಊರಿನಲ್ಲಿ ಕಣ್ಣಿಲ್ಲದ ಭಿಕ್ಷುಕ ಬಾರ್ತಿಮಾಯನೂ ಹಾಗೆಯೇ. ಕಣ್ಣಿದ್ದ ಜನಕ್ಕೆ ಹೋಗುತ್ತಿದ್ದವನು ನಜರೇತಿನ ಯೇಸು, ದಾರಿ ಬದಿಯಲ್ಲಿ ಕೂತ ಇವನಿಗೆ ದಾವೀದನ ಕುಮಾರ, ಅಂದರೆ ಜನ ಕಾಯುತ್ತಿದ್ದ ರಕ್ಷಕ. ಕಣ್ಣು ಬರುವ ಮೊದಲೇ ಅವನಿಗೆ ಕಂಡಿತ್ತು.

ಇನ್ನು ಕೇಳದೆ ತಲೆ ಮೇಲೆ ಕೈಯಿಡುವವರ ವಿಷಯ. ಬಾರ್ತಿಮಾಯ ಎದ್ದು ಬಂದಾಗ ಯೇಸು ಮೊದಲು ಮಾಡಿದ್ದು ಪ್ರಶ್ನೆ ಕೇಳಿದ್ದು. "ನಾನು ನಿನಗೆ ಏನು ಮಾಡಬೇಕು ಅಂತಿದ್ದೀ?" ಎದುರಿಗೆ ಕಣ್ಣಿಲ್ಲದವನು ನಿಂತಿದ್ದರೂ ಅವನಿಗೆ ಬೇಕಾದ್ದೇನು ಎಂದು ಅವನ ಬಾಯಿಂದಲೇ ಕೇಳಿದ. ದೇವಕುಮಾರನೇ ಕೇಳಿದ ಮೇಲೆ ನಮ್ಮ ಸಭೆಯವರಿಗೆ ಕೇಳಲು ಏನು ಕಷ್ಟ? "ಈವತ್ತು ಬೇಡ, ಥ್ಯಾಂಕ್ಸ್" ಎಂದು ನೀವು ಹೇಳಬಹುದು. ಅದು ಅವಿಶ್ವಾಸ ಆಗುವುದಿಲ್ಲ. ಪ್ರಾರ್ಥನೆ ಬೇಕಿದ್ದರೆ ಯಾವುದಕ್ಕೆ ಎಂದು ನೀವೇ ಹೇಳಿ. ಪ್ರಮೋಷನ್‌ಗೋ, ಅಮ್ಮನ ಆರೋಗ್ಯಕ್ಕೋ, ನಿಮ್ಮಿಷ್ಟ.

ಸಭಾಪಾಲಕರಿಗೆ ನನ್ನದೊಂದು ಮಾತು. "ಕುರುಡನ ಮುಂದೆ ಅಡ್ಡಿ ಇಡಬಾರದು" ಎಂದು ಯಾಜಕಕಾಂಡ 19ನೇ ಅಧ್ಯಾಯ 14ನೇ ವಚನದಲ್ಲಿ ಆಜ್ಞೆ ಇದೆ. ವೇದಿಕೆಯಿಂದ ಬೈಗುಳದ ಹಾಗೆ ಎಸೆಯುವ ಮಾತೂ ಅಡ್ಡಿಯೇ. ಮನಸ್ಸು ಗಟ್ಟಿಯಾದವರು, ಸತ್ಯ ಬೇಡವಾದವರು ಎಂದು ನೇರವಾಗಿ ಹೇಳಿದರೆ ಕೇಳುವವರಿಗೆ ಇನ್ನೂ ಚೆನ್ನಾಗಿ ತಾಗುತ್ತದೆ. ಮತ್ತೆ, ಭಾನುವಾರದ ಹಾಡು, ಪಾಠಗಳನ್ನು ಶನಿವಾರವೇ ಮೊಬೈಲ್‌ಗೆ ಕಳಿಸಿ. ಫೋಟೋ ತೆಗೆದು ಕಳಿಸಬೇಡಿ, ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿ. ಫೋನಿನ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಪ್ರಶ್ನೆ: ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ರೂಮ್‌ಮೇಟ್ ಹಿಂದೂ, ತುಂಬ ಒಳ್ಳೆಯ ಗೆಳೆಯ. "ನೀವು ನಮ್ಮನ್ನೆಲ್ಲ ಕಣ್ಣಿಲ್ಲದವರು ಅಂತ ತಿಳಿದುಕೊಂಡಿದ್ದೀರಾ?" ಎಂದು ಕೇಳಿದ. ಏನು ಹೇಳಲಿ?

ಉತ್ತರ: ಸುವಾರ್ತೆಗಳಲ್ಲಿ ಈ ಮಾತು ಯಾರಿಗೆ ಬೀಳುತ್ತದೆ ಎಂದು ಅವನಿಗೆ ಹೇಳಿ. ದಾರಿ ತೋರಿಸುವ ಕುರುಡರು ಎಂದು ಯೇಸು ಕರೆದದ್ದು ತನ್ನದೇ ಜನರ ಧರ್ಮಶಾಸ್ತ್ರ ಬಲ್ಲವರನ್ನು. "ನಾವೂ ಕುರುಡರಾ?" ಎಂದು ಫರಿಸಾಯರು ಕೇಳಿದಾಗ, ನೀವು ಕುರುಡರಾಗಿದ್ದರೆ ನಿಮಗೆ ಪಾಪವಿರುತ್ತಿರಲಿಲ್ಲ, ಕಾಣುತ್ತದೆ ಎನ್ನುತ್ತೀರಲ್ಲ, ಅದಕ್ಕೇ ನಿಮ್ಮ ಪಾಪ ಉಳಿದಿದೆ ಎಂದ. ಪ್ರಕಟಣೆ ಪುಸ್ತಕದಲ್ಲಿ ಕಣ್ಣಿಗೆ ಅಂಜನ ಹಚ್ಚಿಕೋ ಎಂದು ಹೇಳಿಸಿಕೊಂಡದ್ದು ಲವೊದಿಕೀಯದ ಕ್ರೈಸ್ತ ಸಭೆ.

2 ಕೊರಿಂಥ 4ನೇ ಅಧ್ಯಾಯದಲ್ಲಿ ನಂಬದವರ ಮನಸ್ಸು ಮಂಕಾಗಿದೆ ಎಂದು ಪೌಲ ಬರೆದಿದ್ದಾನೆ, ಅದನ್ನು ಮುಚ್ಚಿಡಬೇಡಿ. ಬರೆದವನು ಯಾರು ಎಂಬುದನ್ನೂ ಹೇಳಿ. ಶಾಸ್ತ್ರವನ್ನೆಲ್ಲ ಓದಿ, ದೇವರ ಹೆಸರಿನಲ್ಲೇ ಮನುಷ್ಯರನ್ನು ಹಿಡಿದು ಜೈಲಿಗೆ ಹಾಕಿಸುತ್ತಿದ್ದವನು. ಒಂದು ಕಾಲಕ್ಕೆ ತಾನೇ ಹಾಗಿದ್ದವನ ಮಾತನ್ನು ನಾವು ಪಕ್ಕದ ಹಾಸಿಗೆಯವನಿಗೆ ಹೊಡೆಯಲು ಬಳಸಬಾರದು. ನಿಮಗೆ ಕ್ರಿಸ್ತನಲ್ಲಿ ಏನು ಕಂಡಿದೆಯೋ ಅದನ್ನು ಗೆಳೆಯನಿಗೆ ಧೈರ್ಯವಾಗಿ ಹೇಳಿ. ಅವನಿಗೆ ಏನು ಕಂಡಿದೆ ಎಂದು ಕೇಳಿ, ಕೂತು ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಸಭೆಗೆ ಈಗ ಉತ್ತರ ಕರ್ನಾಟಕದ ಕಟ್ಟಡ ಕೆಲಸದವರು ಕೆಲವು ಕುಟುಂಬ ಬರುತ್ತಿದೆ. ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ತಕ್ಷಣ ಹೋಗುತ್ತಾರೆ. ಯಾರೂ ಅವರಿಗೆ ಏನೂ ಕೆಟ್ಟದ್ದು ಮಾಡಿಲ್ಲ. ಆದರೂ ನನಗೆ ಸಮಾಧಾನ ಇಲ್ಲ. ಇದೂ ಆತ್ಮಿಕ ಕುರುಡುತನವಾ?
(ಸಭೆಯ ಕಮಿಟಿ ಸದಸ್ಯರು, ಮಂಗಳೂರು)

ಉತ್ತರ: ಹೌದು, ಇದೇ.

ಲೂಕ 16ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಶ್ರೀಮಂತನೂ ಲಾಜರನಿಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ಹೊಡೆಯಲಿಲ್ಲ, ಬಾಗಿಲಿಂದ ಓಡಿಸಲಿಲ್ಲ. ಹುಣ್ಣು ತುಂಬಿದ ಲಾಜರ ಅವನ ಮನೆ ಬಾಗಿಲಲ್ಲೇ ಬಿದ್ದಿದ್ದ, ನಾಯಿಗಳು ಬಂದು ನೆಕ್ಕುತ್ತಿದ್ದವು, ಇವನು ಒಳಗೆ ದಿನಾ ಹಬ್ಬ ಮಾಡುತ್ತಿದ್ದ. ಸತ್ತು ಪಾತಾಳದಲ್ಲಿ ಕೂಗುವಾಗ ಏನು ಹೇಳುತ್ತಾನೆ ನೋಡಿ. ಅಪ್ಪಾ ಅಬ್ರಹಾಮನೇ, ಲಾಜರನನ್ನು ಕಳಿಸು, ಬೆರಳ ತುದಿ ನೀರಿನಲ್ಲಿ ಅದ್ದಿ ನನ್ನ ನಾಲಿಗೆ ತಣ್ಣಗೆ ಮಾಡಲಿ. ಅವನಿಗೆ ಲಾಜರನ ಹೆಸರು ಗೊತ್ತಿತ್ತು! ಅಂದರೆ ಕಂಡಿದ್ದ. ಈಗಲೂ ಅವನನ್ನು ಕೆಲಸಕ್ಕೆ ಕಳಿಸಬೇಕಾದ ಆಳಿನಂತೆಯೇ ನೋಡುತ್ತಿದ್ದಾನೆ. ಸತ್ತ ಮೇಲೂ ಆ ಕಣ್ಣು ಬದಲಾಗಲಿಲ್ಲ. ಬೈಬಲಿನಲ್ಲಿ ನನಗೆ ಇದಕ್ಕಿಂತ ಹೆದರಿಕೆ ಹುಟ್ಟಿಸುವ ಜಾಗ ಕಡಿಮೆ.

ನಮ್ಮ ಕರಾವಳಿಯಲ್ಲೇ ಬೇರೆ ರೀತಿ ನೋಡಿದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಎಂದು ಚಿಕಿತ್ಸೆ ಶುರು ಮಾಡಿದರು. ಜನ ಇವತ್ತಿಗೂ ಮಿಶನ್ ಆಸ್ಪತ್ರೆ ಎಂದು ಕರೆಯುವುದು ಅದನ್ನೇ. ಊರಿಗೆ ಹೊಸಬರಾದ ಆ ಅಮ್ಮನಿಗೇ ಇಲ್ಲಿಯವರ ಕಷ್ಟ ಕಂಡಿತು. ನಮ್ಮ ಹಿಂದಿನ ಬೆಂಚು ನಮಗೆ ಕಾಣದಿರುವಷ್ಟು ದೂರವೇನಲ್ಲ.

ನಿಮಗೆ ಸಮಾಧಾನ ಇಲ್ಲ ಅಂದಿರಲ್ಲ, ಅದನ್ನು ಕಳೆದುಕೊಳ್ಳಬೇಡಿ. ಮುಂದಿನ ಭಾನುವಾರ ನೀವೇ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಊರು ಯಾವುದು, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮಳೆಗಾಲದಲ್ಲಿ ಕೆಲಸ ಇರುತ್ತದಾ, ಶೆಡ್ ಸೋರುತ್ತದಾ ಎಂದು ವಿಚಾರಿಸಿ. ಸುಗ್ಗಿ ಹಬ್ಬದ ಹರಾಜಿಗೆ ಕರೆಯುವ ಮೊದಲು ಹಬ್ಬದ ಊಟಕ್ಕೆ ಕರೆಯಿರಿ. ಅವರ ಕನ್ನಡ ನಮ್ಮದಕ್ಕಿಂತ ಬೇರೆ, ಕೇಳಲು ಬಹಳ ಚಂದ. ಅವರಲ್ಲಿ ಓದು ಬಲ್ಲವರು ಇದ್ದರೆ ಒಂದು ಭಾನುವಾರದ ಪಾಠ ಓದಲು ಅವರಿಗೇ ಕೊಡಿ. ಕಮಿಟಿಯಲ್ಲಿ ಯಾರಾದರೂ ಬೇಡ ಎಂದರೆ ಯಾಕೆ ಬೇಡ ಎಂದು ಕೇಳಿ, ಅವರ ಉತ್ತರವನ್ನು ಮಿನಿಟ್ಸ್‌ನಲ್ಲಿ ಬರೆಸಿ.