ಬೌದ್ಧಿಕ ಅಂಗವೈಕಲ್ಯ ಇರುವವರು ಸಂಶೋಧನೆಯಲ್ಲಿ ನಿಜಕ್ಕೂ ಪಾಲುದಾರರಾಗಬಹುದಾ, ಇಲ್ಲ ಅದು ಹೆಸರಿಗಷ್ಟೇನಾ? ನನ್ನ ಸಂಶೋಧನೆಯ ಗೈಡ್ ಸಲಹಾ ಸಮಿತಿಯಲ್ಲಿ ಇಬ್ಬರನ್ನು ಹಾಕಿದರೆ ಸಾಕು ಅನ್ನುತ್ತಾರೆ. ವಿಶ್ಲೇಷಣೆ ಮಾಡೋದು ಅವರಿಂದ ಆಗುತ್ತಾ?

ಖಂಡಿತ ಪಾಲುದಾರರಾಗಬಹುದು. ಇಂಥ ತಂಡಗಳಲ್ಲಿ ಕೆಲಸ ಮಾಡಿರೋದರಿಂದ ಧೈರ್ಯವಾಗಿ ಹೇಳುತ್ತೇನೆ. ಆದರೆ ನಿಮ್ಮ ಗೈಡ್ ಹೇಳಿದ ಹಾಗೆ ‘ಸಲಹಾ ಸಮಿತಿಯಲ್ಲಿ ಇಬ್ಬರನ್ನು ಹಾಕಿದರೆ ಸಾಕು’ ಅನ್ನೋದನ್ನು ನಾನು ಒಪ್ಪೋದಿಲ್ಲ. ಪ್ರಶ್ನೆಗಳೆಲ್ಲ ತಯಾರಾದ ಮೇಲೆ ಕರೆದು ಕೂರಿಸಿದರೆ ಅವರಿಗೆ ತಲೆ ಆಡಿಸೋದು ಬಿಟ್ಟು ಬೇರೆ ಏನು ಉಳಿದಿರುತ್ತೆ? ಏನನ್ನು ಕೇಳಬೇಕು ಅನ್ನೋದನ್ನು ತೀರ್ಮಾನಿಸುವಾಗಲೇ ಅವರು ಇರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ನಡೆಸುವ ವಸತಿಗೃಹಗಳಲ್ಲಿ ಇರುವವರನ್ನು ಮಾತಾಡಿಸಲು ‘ಇಲ್ಲಿ ಇರೋದು ನಿಮಗೆ ಇಷ್ಟವಾ?’ ಅನ್ನುವ ಪ್ರಶ್ನೆ ಇಟ್ಟುಕೊಂಡಿದ್ದೆವು. ನಮ್ಮ ಸಹಸಂಶೋಧಕಿಯೊಬ್ಬರು ಸ್ವತಃ ಅಂಥ ಜಾಗದಲ್ಲಿ ಬೆಳೆದವರು. ಅವರು ತಕ್ಷಣ ಅಂದರು: ‘ಹಾಗೆ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ. ರೂಮಿನ ಬಾಗಿಲು ಹಾಕ್ಕೊಳ್ಳೋಕೆ ಬಿಡ್ತಾರಾ ಅಂತ ಕೇಳಿ.’ ಪ್ರಶ್ನೆ ಬದಲಾಯಿಸಿದೆವು. ಬೀಗದ ಕೈ ಯಾರ ಹತ್ರ ಇರುತ್ತೆ, ರಾತ್ರಿ ಲೈಟ್ ಆರಿಸೋರು ಯಾರು, ಎಲ್ಲವೂ ಒಂದೊಂದಾಗಿ ಹೊರಗೆ ಬಂತು. ಎಷ್ಟು ಓದಿದ್ದರೂ ನನಗೆ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ.

ಅವರು ಹೇಳಿದ್ದಕ್ಕೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ಸಿಗೆಲ್ಮನ್ ಮತ್ತು ಜೊತೆಗಾರರು 1981ರಲ್ಲೇ ಇದನ್ನು ತೋರಿಸಿದ್ದರು. ಒಂದಕ್ಕೊಂದು ವಿರುದ್ಧವಾದ ಪ್ರಶ್ನೆ ಕೇಳಿದರೂ ಬೌದ್ಧಿಕ ಅಂಗವೈಕಲ್ಯ ಇರುವ ಬಹಳ ಜನ ಎರಡಕ್ಕೂ ‘ಹೌದು’ ಅನ್ನುತ್ತಿದ್ದರು. ಜೀವನವಿಡೀ ಬೇರೆಯವರು ಹೇಳಿದಂತೆ ಕೇಳಿಕೊಂಡು ಬಂದವರಿಗೆ ‘ಹೌದು’ ಅನ್ನೋದೇ ಸುರಕ್ಷಿತ ಅಲ್ವಾ?

ಹಾಗಾಗಿ ಸಂಶೋಧನೆಯಲ್ಲಿ ಭಾಗವಹಿಸಲು ಅವರ ಒಪ್ಪಿಗೆ ಪಡೆಯುವ ವಿಷಯದಲ್ಲಿ ಅವಸರ ಬೇಡ. ಈ ಕ್ಷೇತ್ರದ ಹಳೆಯ ಚರಿತ್ರೆ ಘೋರವಾಗಿದೆ. ಸ್ವೀಡನ್ನಿನ ವೀಪೆಹೋಲ್ಮ್ ಅನ್ನುವ, ಬೌದ್ಧಿಕ ಅಂಗವೈಕಲ್ಯ ಇರುವವರ ಸಂಸ್ಥೆಯಲ್ಲಿ 1940ರ ದಶಕದ ಕೊನೆಯಲ್ಲಿ ಹಲ್ಲಿನ ಹುಳುಕು ಅಧ್ಯಯನ ಮಾಡಲು ಅಲ್ಲಿದ್ದವರಿಗೆ ಹಲ್ಲಿಗೆ ಅಂಟುವ ಟಾಫಿ ತಿನ್ನಿಸಿದರು. ಎಷ್ಟೋ ಜನರ ಹಲ್ಲು ಹಾಳಾಯಿತು. ನ್ಯೂಯಾರ್ಕಿನ ವಿಲ್ಲೋಬ್ರೂಕ್ ಅನ್ನುವ ಅಂಥದ್ದೇ ಸಂಸ್ಥೆಯಲ್ಲಿ ಮಕ್ಕಳಿಗೆ ಬೇಕಂತಲೇ ಹೆಪಟೈಟಿಸ್ ಸೋಂಕು ಹತ್ತಿಸಿದರು. ಅಪ್ಪ ಅಮ್ಮನ ಸಹಿ ಇತ್ತು, ಮಕ್ಕಳನ್ನು ಕೇಳಿದವರಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆ ಒಡಂಬಡಿಕೆಯ 12ನೇ ವಿಧಿ ಈಗ ಸ್ಪಷ್ಟವಾಗಿದೆ: ತೀರ್ಮಾನ ತೆಗೆದುಕೊಳ್ಳುವ ಹಕ್ಕು ಎಲ್ಲರಿಗೂ ಸಮಾನ, ಅದಕ್ಕೆ ಬೇಕಾದ ನೆರವು ಕೊಡಬೇಕು. ನಾವು ಚಿತ್ರ ಇರುವ, ಚಿಕ್ಕ ವಾಕ್ಯಗಳ ಹಾಳೆ ಬಳಸುತ್ತೇವೆ. ಪ್ರತಿ ಸಲ ಕೂತಾಗಲೂ ಒಪ್ಪಿಗೆ ಮತ್ತೆ ಕೇಳುತ್ತೇವೆ. ‘ಬೇಡ’ ಅನ್ನೋದನ್ನು ಮೊದಲೇ ಅಭ್ಯಾಸ ಮಾಡಿಸುತ್ತೇವೆ. ಕೆಂಪು ಕಾರ್ಡ್ ಎತ್ತಿದರೆ ಮಾತು ಅಲ್ಲಿಗೇ ನಿಲ್ಲುತ್ತೆ, ಯಾಕೆ ಅಂತ ಯಾರೂ ಕೇಳುವಂತಿಲ್ಲ.

ವಿಶ್ಲೇಷಣೆ ಅವರಿಂದ ಆಗುತ್ತಾ ಅಂತ ಕೇಳಿದ್ದೀರಿ. ಜನ ಹೇಳಿದ ಮಾತುಗಳನ್ನು ಚೀಟಿಗಳಲ್ಲಿ ಬರೆದು, ಜೋರಾಗಿ ಓದಿ, ಒಂದೇ ಥರದವನ್ನು ಗುಂಪು ಮಾಡೋದು ಚೆನ್ನಾಗಿ ನಡೆಯುತ್ತೆ. ಅಂಕಿಅಂಶದ ಲೆಕ್ಕ ನೀವೇ ಮಾಡಿ, ಪರವಾಗಿಲ್ಲ. ತಂಡದಲ್ಲಿ ಎಲ್ಲರೂ ಎಲ್ಲವನ್ನೂ ಮಾಡಲೇಬೇಕು ಅಂತೇನಿಲ್ಲ. ನಿಜಕ್ಕೂ ಕಷ್ಟ ಇರೋದು ಮಾತೇ ಆಡದವರನ್ನು ಸೇರಿಸಿಕೊಳ್ಳೋದರಲ್ಲಿ. ಚೆನ್ನಾಗಿ ಮಾತಾಡುವ ಒಬ್ಬರು ಅವರೆಲ್ಲರ ಪರವಾಗಿ ಹೇಳಿಬಿಡಬಹುದು ಅಂತ ನಾನು ನಂಬುವುದಿಲ್ಲ. ಅವರ ಜೊತೆ ತುಂಬಾ ಹೊತ್ತು ಕಳೆದು, ಮುಖ, ಕೈ, ಮೈಯ ಚಲನೆ ಗಮನಿಸಬೇಕಾಗುತ್ತೆ.

ಇನ್ನೊಂದು, ದುಡ್ಡು. ನಿಮ್ಮ ಸಹಾಯಕ ಸಂಶೋಧಕರಿಗೆ ಕೊಡುವ ದರವೇ ಇವರಿಗೂ ಕೊಡಿ. ಪ್ರಮಾಣಪತ್ರ, ಊಟ ಕೊಟ್ಟು ಕಳಿಸಬೇಡಿ. ಸಮಯವೂ ಜಾಸ್ತಿ ಬೇಕು, ಅದನ್ನು ಪ್ರಸ್ತಾವನೆಯಲ್ಲೇ ಬರೆದುಬಿಡಿ.

ಗೈಡ್ ಹತ್ರ ಮೊದಲು ಇದೊಂದನ್ನು ಕೇಳಿ: ಸಂಶೋಧನೆಯ ಪ್ರಶ್ನೆ ಬದಲಾಯಿಸಲು ಇನ್ನೂ ಅವಕಾಶ ಇದೆಯಾ? ಇದ್ದರೆ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವ ಮುಂಚೆಯೇ ಅವರನ್ನು ಕರೆಯಿರಿ.